ಒಂದೇ ಸಲ ಕೇಳಿದ ಊಟ

ನಾನು ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ, ಮತ್ತೆ ಕುಷ್ಟಗಿ. ನನ್ನ ಆಯುಷ್ಯದ ಬಹುಪಾಲು ಈ ನಾಲ್ಕು ಬಸ್‌ಸ್ಟ್ಯಾಂಡುಗಳ ನಡುವೆ ನಿಂತುಕೊಂಡೇ ಕಳೆಯಿತು. ಹೀಗಾಗಿ ಜನರ ರೀತಿ ನೀತಿಯ ಬಗ್ಗೆ ಮಾತಾಡುವ ಅಧಿಕಾರ ನನಗಿದೆ ಎಂದು ನಾನೇ ತಿಳಿದುಕೊಂಡುಬಿಟ್ಟಿದ್ದೇನೆ. ಯಾರೂ ಕೊಟ್ಟ ಅಧಿಕಾರವಲ್ಲ ಅದು. ನಿವೃತ್ತಿಯಾದ ಮೇಲೆ ಅದು ಇನ್ನಷ್ಟು ಹೆಚ್ಚಾಗಿದೆ ಎಂದು ನನ್ನ ಹೆಂಡತಿಯ ದೂರು.

ಆಗಿನ ಬಸ್ಸಿನಲ್ಲಿ ಒಂದು ರೂಢಿಯಿತ್ತು. ಮಧ್ಯಾಹ್ನದ ಹೊತ್ತಿಗೆ ಯಾರೇ ಬುತ್ತಿಯ ಗಂಟು ಬಿಚ್ಚಲಿ, ಮೊದಲ ತುತ್ತಿಗೆ ಮುಂಚೆ ಪಕ್ಕದವರಿಗೆ, ಎದುರಿನವರಿಗೆ, ಹತ್ತಿರ ನಿಂತಿದ್ದರೆ ಕಂಡಕ್ಟರನಿಗೂ ಒಂದು ಮಾತು ಹೇಳಲೇಬೇಕು. “ಬರ್ರಿ, ಊಟ ಮಾಡೂಣು.” ಕೇಳಿಸಿಕೊಂಡವರು “ಆಗೈತ್ರಿ, ನೀವು ಮಾಡ್ರಿ” ಎನ್ನಬೇಕು. ಅವರ ಊಟ ಆಗಿತ್ತೋ ಇಲ್ಲವೋ ದೇವರಿಗೇ ಗೊತ್ತು. ಮೂವತ್ತೆರಡು ವರ್ಷದಲ್ಲಿ ಒಬ್ಬನೇ ಒಬ್ಬ ಕೈ ಚಾಚಿ ರೊಟ್ಟಿ ತೆಗೆದುಕೊಂಡದ್ದನ್ನು ನಾನು ನೋಡಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದ ದಿನಗಳಲ್ಲಿ ನಾನೂ ತೆಗೆದುಕೊಳ್ಳಲಿಲ್ಲ. ಕರೆಯುವುದು ಅವರ ಮರ್ಯಾದೆ, ಒಲ್ಲೆ ಎನ್ನುವುದು ನಮ್ಮ ಮರ್ಯಾದೆ. ಅಲ್ಲಿಗೆ ಇಬ್ಬರ ಲೆಕ್ಕವೂ ಸರಿಯಾಗುತ್ತಿತ್ತು.

ಒಬ್ಬರ ಮನೆಗೆ ಹೋದಾಗ ಇದು ಇನ್ನೂ ಬಿಗಿ. ಮೊದಲ ಸಲ ಊಟಕ್ಕೆ ಕೇಳಿದಾಗ “ಬ್ಯಾಡ್ರಿ, ಈಗ ಉಂಡ ಬಂದೀನಿ” ಎನ್ನಬೇಕು. ಎರಡನೇ ಸಲ ಕೇಳಿದಾಗಲೂ ಬೇಡವೇ, ಆದರೆ ದನಿ ಸ್ವಲ್ಪ ಇಳಿದಿರಬೇಕು. ಮೂರನೇ ಸಲಕ್ಕೆ “ನಿಮ್ಮ ಒತ್ತಾಯಕ್ಕ ಒಂಚೂರು” ಎಂದು ಕೈ ತೊಳೆಯಲು ಏಳಬೇಕು. ಮೂರು ಸಲ ಕೇಳದ ಮನೆ ಕೇಳಿದಂತೆಯೇ ಅಲ್ಲ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ನಡೆಯುವುದನ್ನು ಕಲಿತಂತೆ ಇದೂ ಬಂತು.

ಈ ರೂಢಿಯ ದೆಸೆಯಿಂದಲೇ ನನ್ನ ಒಬ್ಬಳೇ ತಂಗಿ ಎರಡು ವರ್ಷ ನಾಗರ ಪಂಚಮಿಗೆ ತವರಿಗೆ ಬರಲಿಲ್ಲ. ಮೂರನೆಯ ವರ್ಷವೂ ಬರದೆ ಹೋಗುವುದರಲ್ಲಿದ್ದಳು. ತಪ್ಪು ಯಾರದು ಎನ್ನುವುದು ಆಗ ನನಗೆ ಬಹಳ ಸ್ಪಷ್ಟವಾಗಿತ್ತು.

ತಂಗಿಯನ್ನು ಗಂಗಾವತಿಯ ಹತ್ತಿರದ ಮರಳಿ ಎಂಬ ಊರಿಗೆ ಕೊಟ್ಟಿದ್ದೇವೆ. ನಮ್ಮದು ಕುಷ್ಟಗಿಯ ಒಣ ಸೀಮೆ, ಸಜ್ಜೆ ರೊಟ್ಟಿ ತಿಂದು ಬೆಳೆದವರು. ಅವಳದು ಕಾಲುವೆ ನೀರಿನ ಭತ್ತದ ಸೀಮೆ. ಮದುವೆಯಾಗಿ ನಲವತ್ತು ವರ್ಷವಾದರೂ ಅನ್ನ ಉಂಡರೆ ಉಂಡಂತೆ ಆಗುವುದಿಲ್ಲ ಎನ್ನುತ್ತಾಳೆ. ಪ್ರತಿ ವರ್ಷ ಪಂಚಮಿಗೆ ನಾನೇ ಹೋಗಿ ಕರೆದುಕೊಂಡು ಬರುತ್ತಿದ್ದೆ. ಅವ್ವ ತೀರಿಕೊಳ್ಳುವ ಮುಂಚೆ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು. “ನಾ ಇಲ್ಲಂತ ಅಕೀನ್ನ ಕರೆಯೂದು ಬಿಡಬ್ಯಾಡಪಾ.” ಹೊಲ ಮನೆಯ ಬಗ್ಗೆ ಏನೂ ಹೇಳಲಿಲ್ಲ, ಇದೊಂದೇ ಹೇಳಿದಳು.

ಮೂರು ವರ್ಷದ ಕೆಳಗೆ, ಹೊಸ ಸಜ್ಜೆ ಬಂದ ಕಾಲದಲ್ಲಿ, ತಂಗಿಗೆಂದು ಹಿಟ್ಟು ಬೀಸಿಸಿ ಚೀಲದಲ್ಲಿ ಕಟ್ಟಿಕೊಂಡು ಮರಳಿಗೆ ಹೋದೆ. ಮುಂಚೆ ತಿಳಿಸಿರಲಿಲ್ಲ. ನಮ್ಮ ಪೈಕಿ ಯಾರು ತಿಳಿಸಿ ಹೋಗುತ್ತಾರೆ? ಭತ್ತದ ಕೊಯ್ಲು ನಡೆದಿತ್ತು. ತಂಗಿ, ಅವಳ ಗಂಡ, ಮಗ ಎಲ್ಲರೂ ಗದ್ದೆಗೆ ಹೋಗಿದ್ದರು. ಮನೆಯಲ್ಲಿದ್ದವಳು ಹೊಸ ಸೊಸೆ ಒಬ್ಬಳೇ. ಮದುವೆಯಾಗಿ ಆರು ತಿಂಗಳಾಗಿತ್ತು. ಯಲಬುರ್ಗಾ ಕಡೆಯ ಹುಡುಗಿ, ಡಿಗ್ರಿ ಓದಿದವಳು. ಕಾಲಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು, ಫ್ಯಾನು ನನ್ನ ಕಡೆ ತಿರುಗಿಸಿದಳು. ಒಂದು ಗಂಟೆಯ ಹೊತ್ತಿಗೆ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

“ಮಾವಾರ, ಊಟ ಮಾಡ್ತೀರೇನ್ರಿ?”

“ಬ್ಯಾಡವ್ವಾ, ಈಗ ಉಂಡ ಬಂದೀನಿ.”

“ಆತ್ರಿ ಮಾವಾರ” ಎಂದು ಒಳಗೆ ಹೋದಳು. ಪಾತ್ರೆಯ ಮೇಲೆ ಮುಚ್ಚಳ ಬಿದ್ದ ಸದ್ದು ಕೇಳಿಸಿತು.

ಬೆಳಗಿನ ಆರು ಗಂಟೆಗೆ ಎರಡು ಬಿಸ್ಕಿಟು ತಿಂದು ಬಸ್ಸು ಹತ್ತಿದವನು ನಾನು. ಎರಡನೇ ಸಲ ಕೇಳುತ್ತಾಳೆಂದು ಕಾದೆ. ಅವಳು ಹೊರಗೆ ಬಂದು ಒಣಗಿದ ಬಟ್ಟೆ ಮಡಚತೊಡಗಿದಳು. ನಾನು ಕೆಮ್ಮಿದೆ. ನೀರು ತಂದುಕೊಟ್ಟಳು. ಒಳಗಿನಿಂದ ಬದನೆಕಾಯಿಯ ಘಮ ಬರುತ್ತಿತ್ತು. ತಡೆಯದೆ ಕೇಳಿದೆ.

“ಇವತ್ತ ಏನ್ ಪಲ್ಯ ಮಾಡೀಯವ್ವಾ?”

“ಎಣಗಾಯಿ ಮಾಡೀನ್ರಿ.”

“ಭಾಳ ಛಲೋ ಆತು.”

ಅವಳು ಸಂತೋಷದಿಂದ ನಕ್ಕು ಮತ್ತೊಂದು ಸೀರೆ ಮಡಚಿದಳು. ಇನ್ನೊಂದು ತಾಸು ಕೂತು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. “ಹುಷಾರಾಗಿ ಹೋಗ್ರಿ ಮಾವಾರ” ಎಂದು ಬಾಗಿಲ ತನಕ ಬಂದಳು. ಗಂಗಾವತಿ ಬಸ್‌ಸ್ಟ್ಯಾಂಡಿನ ಹೊರಗೆ ನಿಂತುಕೊಂಡು ಎರಡು ಪ್ಲೇಟು ಮಂಡಕ್ಕಿ ವಗ್ಗರಣಿ, ನಾಲ್ಕು ಮಿರ್ಚಿ ಭಜಿ ತಿಂದೆ. ಖಾರಕ್ಕೋ ಸಿಟ್ಟಿಗೋ ಕಣ್ಣಲ್ಲಿ ನೀರು ಬಂತು. ತಂಗಿಯ ಮನೆಯಿಂದ ಹಸಿದುಕೊಂಡು ಬಂದ ಅಣ್ಣ ಅಂದರೆ ನಾನೊಬ್ಬನೇ ಇರಬೇಕು ಎನ್ನಿಸಿತು.

ಅದಾದ ಮೇಲೆ ಆ ಕಥೆಯನ್ನು ನಾನು ಎಷ್ಟು ಕಡೆ ಹೇಳಿದೆನೋ ಲೆಕ್ಕವಿಲ್ಲ. ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರಿನ ಚಹಾದ ಅಂಗಡಿಯಲ್ಲಿ ನಮ್ಮಂಥ ನಿವೃತ್ತರ ಬೈಠಕ್ ಇದೆ. ಅಲ್ಲಿ ಈ ಕಥೆಗೆ ಒಳ್ಳೆಯ ಗಿರಾಕಿ. ಒಬ್ಬೊಬ್ಬರೂ ತಮ್ಮದೊಂದು ಸೇರಿಸುತ್ತಿದ್ದರು. ಒಬ್ಬನ ಮೊಮ್ಮಗ ಮನೆಗೆ ಬಂದ ಬೀಗರನ್ನು ತಲೆಯೆತ್ತಿ ನೋಡಿರಲಿಲ್ಲ. ಇನ್ನೊಬ್ಬನಿಗೆ ಲಗ್ನದ ಕರೆಯೋಲೆ ಮೊಬೈಲಿಗೆ ಬಂದಿತ್ತು, ಮನೆಗೆ ಯಾರೂ ಬಂದಿರಲಿಲ್ಲ. “ಈಗಿನವರಿಗೆ ಮಂದಿ ಬ್ಯಾಡಾಗ್ಯಾರ” ಎಂದು ನಾನು ತೀರ್ಪು ಕೊಡುತ್ತಿದ್ದೆ. ಎಲ್ಲರೂ ಹೌದು ಎನ್ನುತ್ತಿದ್ದರು. ಹಾಗೆ ದೂರುತ್ತಾ ಕೂಡುವುದರಲ್ಲಿ ಒಂದು ಸುಖವಿದೆ, ಅದನ್ನು ಒಪ್ಪಿಕೊಳ್ಳಬೇಕು. ಇಡೀ ಲೋಕ ಕೆಟ್ಟಿದೆ ಎಂದಾಗ ಕೆಡದೆ ಉಳಿದವರು ನಾವಷ್ಟೇ ಆಗುತ್ತೇವೆ.

ಅದರ ಮುಂದಿನ ಪಂಚಮಿಗೆ ನಾನು ಮರಳಿಗೆ ಹೋಗಲಿಲ್ಲ. ತಂಗಿಗೆ ಫೋನ್ ಮಾಡಿದೆ.

“ಪಂಚಮಿಗೆ ಬರ್ತೀಯೇನವಾ?”

“ಈ ಸಲ ನಾಟಿ ಹಿಂದ ಬಿದ್ದೈತಿ ಯಣ್ಣಾ. ಬ್ಯಾಡ ಬಿಡು.”

“ಆತು ಬಿಡು” ಎಂದು ಫೋನ್ ಇಟ್ಟೆ. ಮರುವರ್ಷವೂ ಅದೇ ಪ್ರಶ್ನೆ, ಅದೇ ನಾಟಿ, ಅದೇ ‘ಆತು ಬಿಡು’. ಸೊಸೆಯ ಗಾಳಿ ಅತ್ತೆಗೂ ಬಡಿದಿದೆ ಎಂದುಕೊಂಡೆ.

ಈ ವರ್ಷ ಪಂಚಮಿಗೆ ಐದು ದಿನವಿತ್ತು. ಹೆಂಡತಿ ಶೇಂಗಾ ಉಂಡಿ ಕಟ್ಟುತ್ತಾ ಕೂತಿದ್ದಳು. ಬೆಲ್ಲದ ಪಾಕದ ಬಿಸಿಗೆ ಅಂಗೈ ಕೆಂಪಾಗಿತ್ತು. ತಲೆಯೆತ್ತದೆ ಕೇಳಿದಳು.

“ನಿಮ್ಮ ತಂಗಿ ಈ ಸಲನೂ ಬರೂದಿಲ್ಲೇನು?”

“ಕೇಳಿದ್ನಲ್ಲ. ಬ್ಯಾಡ ಅಂದ್ಲು.”

“ಎಷ್ಟ ಸಲ ಕೇಳಿದ್ರಿ?”

ಅವಳು ಒಂದು ಉಂಡಿ ಕಟ್ಟಿ ತಾಟಿನಲ್ಲಿಟ್ಟಳು, ಇನ್ನೊಂದಕ್ಕೆ ಕೈ ಹಾಕಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಉಂಡಿ ಸಣ್ಣವಾಗಿವೆ ಎಂದು ರೇಗಿದೆ. ಸಿಕ್ಕಿಬಿದ್ದಾಗ ನಾನು ಹೀಗೆ ಬೇರೆ ಯಾವುದಾದರೂ ವಿಷಯಕ್ಕೆ ಕೂಗಾಡುತ್ತೇನೆಂದು ಅವಳಿಗೆ ಗೊತ್ತಿದೆ. ನಗು ತಡೆದುಕೊಂಡು ಮುಂದಿನ ಉಂಡಿ ಕಟ್ಟಿದಳು.

ಅದೇ ದಿನ ಸಂಜೆ ಫೋನ್ ಬಂತು. ತಂಗಿಯ ಸೊಸೆ. ಅವಳು ನನಗೆ ಫೋನ್ ಮಾಡಿದ್ದು ಅದೇ ಮೊದಲು.

“ಮಾವಾರ, ಅತ್ತೀನ್ನ ಕರೆಯಾಕ ಯಾವತ್ತ ಬರ್ತೀರಿ?”

“ನಿಮ್ಮತ್ತಿ ಬರೂದಿಲ್ಲ ಅಂದಾಳವ್ವಾ. ನಾಟಿ ಐತಂತ.”

“ನಾಟಿ ಹೋದ ವಾರನ ಮುಗದೈತ್ರಿ.” ದನಿ ತಗ್ಗಿಸಿದಳು. “ಅತ್ತಿ ಚೀಲ ಕಟ್ಟಿ ಇಟ್ಟಾರ್ರಿ. ಹೋದ ವರ್ಷನೂ ಕಟ್ಟಿದ್ರು. ಹಬ್ಬ ಮುಗದ ಮ್ಯಾಲೆ ಬಿಚ್ಚಿ ಸೀರಿ ಎಲ್ಲ ವಾಪಸ್ ಇಟ್ರು. ನಾ ನೋಡೀನಿ. ಯಾರಿಗೂ ಹೇಳಿದ್ದಿಲ್ಲ.”

ಕಟ್ಟಿಟ್ಟ ಚೀಲ, ಬಾಗಿಲ ಕಡೆ ನೋಡುತ್ತಾ ಕೂತ ತಂಗಿ, ಇತ್ತ ‘ಆತು ಬಿಡು’ ಎಂದು ಫೋನ್ ಇಟ್ಟ ನಾನು.

“ಮಾವಾರ, ನೀವು ಸಿಟ್ಟಾಗೀರೇನ್ರಿ? ನನ್ನಿಂದ ಏನರ ತಪ್ಪಾಗೈತೇನು? ಆಗಿದ್ರ ಹೇಳ್ರಿ.”

ನಮ್ಮ ಕಾಲದವರು ಸತ್ತರೂ ಹೀಗೆ ನೇರವಾಗಿ ಕೇಳುತ್ತಿರಲಿಲ್ಲ. ಮೂರನೆಯವರ ಕಡೆಯಿಂದ ತಿಳಿದುಕೊಂಡು, ನಾಲ್ಕನೆಯವರ ಕಡೆಯಿಂದ ಉತ್ತರ ಕಳಿಸಿ, ಹತ್ತು ವರ್ಷ ಮಾತು ಬಿಟ್ಟಿರುತ್ತಿದ್ದೆವು. ಅವಳು ಕೇಳಿದ ರೀತಿಗೆ ನನಗೂ ನೇರವಾಗಿಯೇ ಹೇಳಬೇಕಾಯಿತು.

“ಆವತ್ತ ನೀ ಊಟಕ್ಕ ಒಂದ ಸಲ ಕೇಳಿ ಬಿಟ್ಟೆವ್ವಾ.”

“ನೀವು ಬ್ಯಾಡ ಅಂದ್ರಲ್ರಿ?”

“ಬ್ಯಾಡ ಅಂದ್ರ ಮತ್ತ ಕೇಳಬೇಕು. ಮೂರು ಸಲ ಕೇಳಬೇಕು.”

ಅವಳು ನಿಧಾನವಾಗಿ ಮಾತಾಡಿದಳು. “ನಮ್ಮಪ್ಪಗ ಶುಗರ್ ಇತ್ರಿ ಮಾವಾರ. ಹೋದಹೋದ ಮನ್ಯಾಗ ಹೋಳಿಗಿ ಹಾಕೋರು. ಬ್ಯಾಡ ಅಂತ ತಾಟಿಗೆ ಕೈ ಅಡ್ಡ ಹಿಡದ್ರೂ ಕೈ ಸರಿಸಿ ಹಾಕೋರು. ಬಿಟ್ರ ಅವರಿಗೆ ಬ್ಯಾಸರ ಆಕ್ಕೈತಂತ ಅಪ್ಪ ತಿನ್ನಾಂವ. ಕಡೀಕ ಕಾಲು ತಗದ್ರು. ಅವಾಗಿಂದ ನಾ ಒಂದು ಗಟ್ಟಿ ಮಾಡೀನ್ರಿ. ಯಾರರ ಬ್ಯಾಡ ಅಂದ್ರ ಅವರ ಮಾತಿಗೆ ಬೆಲಿ ಕೊಡಬೇಕಂತ.”

ನಾನು ಕಟ್ಟೆಯ ಮೇಲೆ ಕೂತೆ. ಮೂರು ವರ್ಷ ಚಹಾದ ಅಂಗಡಿಯಲ್ಲಿ ನಾನು ಯಾವುದನ್ನು ಮರ್ಯಾದೆಗೇಡು ಎಂದು ಸಾರುತ್ತಿದ್ದೆನೋ ಅದು ಅವಳ ಮರ್ಯಾದೆಯಾಗಿತ್ತು. ನನ್ನ ಮಾತನ್ನು ನಂಬಿದ್ದಳು ಅಷ್ಟೇ. ಸುಳ್ಳು ಹೇಳಿದವನು ನಾನು.

“ತಪ್ಪು ನಂದವ್ವಾ” ಎಂದೆ. “ನಾಳೆ ಬರ್ತೀನಿ. ನಿಮ್ಮತ್ತಿಗೆ ಹೇಳಬ್ಯಾಡ.”

ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಹಬ್ಬದ ದಿನಗಳಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಾಗಿಲ ಹತ್ತಿರದ ಸೀಟಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಮೊಬೈಲ್ ನೋಡುತ್ತಿದ್ದಳು. ಹಿರಿಯರು ನಿಂತಿದ್ದಾರೆ, ಇವಳಿಗೆ ಕಣ್ಣಿಲ್ಲವೇ ಎಂದು ನಾನು ಮನಸ್ಸಿನಲ್ಲಿ ಭಾಷಣ ಶುರು ಮಾಡುವಷ್ಟರಲ್ಲಿ ಅವಳು ಅರ್ಧ ಎದ್ದು ಕೇಳಿದಳು.

“ಕೂಡ್ತೀರೇನ್ರಿ ಅಜ್ಜಾ?”

“ಇರ್ಲಿ ಬಿಡವ್ವಾ, ಇಲ್ಲೇ ಇಳಿಯಾಂವ ಅದೀನಿ.”

ಬಾಯಿಯಿಂದ ತಾನಾಗಿ ಬಂತು. ಅವಳು ಕೂತುಬಿಟ್ಟಳು. ತಾವರಗೇರಾ ಬಂತು, ನಾನು ಇಳಿಯಲಿಲ್ಲ. ಅವಳು ನನ್ನ ಮುಖ ನೋಡಿದಳು.

“ಅಜ್ಜಾ, ಇಲ್ಲೇ ಇಳೀತೀನಿ ಅಂದ್ರಿ?”

ನನಗೆ ನಗು ತಡೆಯಲಾಗಲಿಲ್ಲ. “ಸುಳ್ಳ ಹೇಳಿದೆವ್ವಾ. ಗಂಗಾವತಿಗೆ ಹೊಂಟೀನಿ. ಕಾಲು ಭಾಳ ನೋಯಾಕತ್ತಾವು.”

“ಅದನ್ನ ಮೊದ್ಲ ಹೇಳೂದಲ್ರಿ” ಎಂದು ಎದ್ದು ನನ್ನನ್ನು ಕೂರಿಸಿದಳು. ತನ್ನ ಭಾರವಾದ ಚೀಲವನ್ನು ಕೇಳದೆಯೇ ನನ್ನ ತೊಡೆಯ ಮೇಲಿಟ್ಟು ಮತ್ತೆ ಮೊಬೈಲ್ ನೋಡತೊಡಗಿದಳು. ಮೂವತ್ತೆರಡು ವರ್ಷ ನಿಂತೇ ಕೆಲಸ ಮಾಡಿದ ಕಾಲುಗಳಿಗೆ ಆ ಸೀಟು ಬಹಳ ಹಿತವಾಗಿತ್ತು.

ಗಂಗಾವತಿಯಿಂದ ಟಂಟಂ ಆಟೋ ಹಿಡಿದು ಮರಳಿಗೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ರಸ್ತೆಯ ಎರಡೂ ಕಡೆ ನಾಟಿ ಮುಗಿದ ಗದ್ದೆಗಳು ಹಸಿರಾಗಿ ನಿಂತಿದ್ದವು. ತಂಗಿ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿದರೂ ಏಳಲಿಲ್ಲ.

“ದಾರಿ ತಪ್ಪಿ ಬಂದೇನು?”

“ಕರೆಯಾಕ ಬಂದೀನಿ. ನಡಿ ಪಂಚಮಿಗೆ.”

“ಬ್ಯಾಡ ಬಿಡು. ನಾಟಿ ಐತಿ.”

“ನಾ ಗದ್ದಿ ನೋಡಿಕೋತ ಬಂದೀನಿ. ನಾಟಿ ಮುಗದೈತಿ. ನಡಿ.”

“ಸೊಸಿ ಒಬ್ಬಾಕಿ ಆಕ್ಕಾಳ, ಒಲ್ಲೆ.”

“ನಾ ಇರ್ತೀನ್ರಿ ಅತ್ತಿ” ಎಂದು ಒಳಗಿನಿಂದ ದನಿ ಬಂತು.

ಎರಡು ಸಲ ಆಗಿತ್ತು. ಮೂರನೆಯ ಸಲಕ್ಕೆ ಹೇಳಬೇಕಾದ ಒತ್ತಾಯದ ಮಾತುಗಳೆಲ್ಲ ನನಗೆ ಗೊತ್ತಿದ್ದವು. ಅದ್ಯಾವುದೂ ಬಾಯಿಗೆ ಬರಲಿಲ್ಲ. ಅವಳ ಎದುರಿಗೆ ನೆಲದ ಮೇಲೆ ಕೂತೆ.

“ಅವ್ವ ಬಿಡಬ್ಯಾಡ ಅಂದಿದ್ಲು. ನಾ ಎರಡು ವರ್ಷ ಬಿಟ್ಟೆ. ತಪ್ಪಾತವ್ವಾ. ನೀ ಇಲ್ಲದ ನನಗ ಹಬ್ಬ ಅನಸೂದಿಲ್ಲ. ಬಾ.”

ತಂಗಿ ಮೊರ ಕೆಳಗಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡರೂ ನೀರು ನಿಲ್ಲಲಿಲ್ಲ.

“ಫೋನಿನ್ಯಾಗ ಒಂದ ಸಲ ಕೇಳಿ ಬಿಟ್ಟೆಲ್ಲೋ ಯಣ್ಣಾ. ನಾ ಬ್ಯಾಡ ಅಂದ್ರ ನೀ ಬಿಟ್ಟ ಬಿಡೂದೇನು?”

ನಾನು ಮೂರು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ ದೂರು ಅದೇ ಮಾತಿನಲ್ಲಿ ನನ್ನ ಮುಂದೆ ಬಂದು ಕೂತಿತ್ತು. ಹಸಿದುಕೊಂಡಿದ್ದವನು ನಾನೊಬ್ಬನೇ ಅಲ್ಲ ಎಂದು ಆಗ ತಿಳಿಯಿತು. ನನ್ನ ಹಸಿವು ಗಂಗಾವತಿಯ ಮಿರ್ಚಿಗೆ ಹೋಗಿತ್ತು. ಅವಳದು ಎರಡು ವರ್ಷ ಹಾಗೆಯೇ ಇತ್ತು.

“ಚೀಲ ತಗೊಂಡ ಬರ್ಲೇನ್ರಿ ಅತ್ತಿ?” ಎಂದು ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು. ತಂಗಿ ಅವಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ನಮ್ಮಿಬ್ಬರ ಪಿತೂರಿ ತಿಳಿದು, ಅಳುವಿನ ನಡುವೆಯೇ ನಕ್ಕಳು.

“ಮೊದ್ಲ ನಿಮ್ಮ ಮಾವಗ ಊಟಕ್ಕ ನೀಡು ಹೋಗು.”

ಸೊಸೆ ನನ್ನ ಕಡೆ ತಿರುಗಿದಳು. “ಮಾವಾರ, ಊಟ ಮಾಡ್ತೀರೇನ್ರಿ?” ಎಂದಳು. ಕೇಳಿದ ಮೇಲೆ ಒಂದು ಬೆರಳು ಮಡಚಿದ್ದು ನನಗೆ ಕಾಣಿಸಿತು. ಇನ್ನೆರಡು ಬೆರಳು ಸಿದ್ಧವಾಗಿದ್ದವು.

ಅರವತ್ತಾರು ವರ್ಷದ ರೂಢಿ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿದೆ.

“ಮಾಡ್ತೀನವ್ವಾ. ಭಾಳ ಹಸದೀನಿ.”

ಅವಳು ಮಡಚಿದ ಬೆರಳು ಬಿಚ್ಚಿ ನಗುತ್ತಾ ಒಳಗೆ ಓಡಿದಳು. ಎಣಗಾಯಿ, ಬಿಸಿ ಅನ್ನ, ಸಾರು. ಹೊಟ್ಟೆ ತುಂಬ ಉಂಡೆ. ಇನ್ನೊಂದು ಸಲ ಅನ್ನ ತಂದಾಗ ನಾನು ಬೇಡವೆಂದು ಕೈ ಅಡ್ಡ ಹಿಡಿದೆ. ಅವಳು ಸೌಟು ಹಿಡಿದುಕೊಂಡು ನಿಂತಳು.

“ಇದು ಖರೇ ಬ್ಯಾಡೇನ್ರಿ ಮಾವಾರ, ಏನು ಮತ್ತ ಕೇಳ್ಲಿ?”

“ಖರೇ ಬ್ಯಾಡವ್ವಾ.”

ಅವಳು ಸೌಟು ಹಿಂದಕ್ಕೆ ತೆಗೆದುಕೊಂಡಳು. ಇಷ್ಟು ಸುಲಭವಾಗಿ ನನ್ನ ಮಾತನ್ನು ಯಾರೂ ನಂಬಿರಲಿಲ್ಲ.

ಸಂಜೆಯ ಬಸ್ಸಿಗೆ ನಾನು, ತಂಗಿ ಹೊರಟೆವು. ಸೊಸೆ ದಾರಿಗೆ ಬುತ್ತಿ ಕಟ್ಟಿಕೊಟ್ಟಿದ್ದಳು. ಅತ್ತೆಗೆ ಇಷ್ಟವೆಂದು ಆಗಾಗ ಸಜ್ಜೆ ರೊಟ್ಟಿ ಬಡಿಯುತ್ತಾಳಂತೆ. ಕನಕಗಿರಿ ದಾಟಿದ ಮೇಲೆ ತಂಗಿ ಗಂಟು ಬಿಚ್ಚಿದಳು. ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಎದುರಿನ ಸೀಟಿನಲ್ಲಿ ಇಪ್ಪತ್ತೆರಡು ಇಪ್ಪತ್ಮೂರರ ತರುಣನೊಬ್ಬ ಕೂತಿದ್ದ. ಕೂದಲಿಗೆ ಕೆಂಪು ಬಣ್ಣ, ಎರಡೂ ಕಿವಿಯಲ್ಲಿ ಇಯರ್‌ಫೋನು. ಹತ್ತಿದಾಗಿನಿಂದ ಯಾರ ಮುಖವನ್ನೂ ನೋಡಿರಲಿಲ್ಲ. ಅಂಥವನಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದರೂ ತಂಗಿ ಮೊದಲ ತುತ್ತಿಗೆ ಮುಂಚೆ ರೂಢಿಯಂತೆ ಕರೆದಳು.

“ಬಾರಪಾ, ಊಟ ಮಾಡೂಣು.”

ಅವನು ಒಂದು ಕಿವಿಯ ಇಯರ್‌ಫೋನ್ ತೆಗೆದ. ರೊಟ್ಟಿಯನ್ನು ನೋಡಿದ, ತಂಗಿಯ ಮುಖ ನೋಡಿದ.

“ಕೊಡ್ರಿ ಅಜ್ಜಿ” ಎಂದು ಕೈ ಚಾಚಿದ. “ಮುಂಜಾನಿಂದ ಏನೂ ತಿಂದಿಲ್ಲ.”

ತಂಗಿ ಒಂದು ಕ್ಷಣ ಕೈಯಲ್ಲಿ ರೊಟ್ಟಿ ಹಿಡಿದುಕೊಂಡು ಹಾಗೇ ಕೂತಳು. ಅವಳ ಜನ್ಮದಲ್ಲಿ ಆ ಕರೆಗೆ ಯಾರೂ ಹೂಂ ಅಂದಿರಲಿಲ್ಲ. ಆಮೇಲೆ ಎರಡು ರೊಟ್ಟಿ ಒಟ್ಟಿಗೆ ತೆಗೆದು, ನಡುವೆ ಚಟ್ನಿ ಹಾಕಿ, ಉಳ್ಳಾಗಡ್ಡಿ ಗುದ್ದಿ ಒಡೆದು ಅರ್ಧ ಅದರ ಮೇಲಿಟ್ಟು ಕೊಟ್ಟಳು. ಅವನು ತಲೆ ತಗ್ಗಿಸಿ ತಿಂದ. ಒಂದು ಚೂರೂ ಬಿಡಲಿಲ್ಲ. ನಾನು ಅವನ ಕೂದಲಿನ ಬಣ್ಣವನ್ನು ಮರೆತು ಅವನ ಗಂಟಲು ಇಳಿಯುವುದನ್ನೇ ನೋಡುತ್ತಿದ್ದೆ. ಮೂವತ್ತೆರಡು ವರ್ಷದಲ್ಲಿ ಎಷ್ಟು ಜನ ಹಸಿದವರು “ಆಗೈತ್ರಿ” ಎಂದು ನನ್ನ ಬಸ್ಸಿನಲ್ಲಿ ಕೂತು ಇಳಿದುಹೋದರೋ.

“ಯಣ್ಣಾ, ಅಂವ ತಗೊಂಡ ನೋಡು” ಎಂದು ತಂಗಿ ನನ್ನ ಕಿವಿಯ ಹತ್ತಿರ ಹೇಳಿದಳು. ಅವಳ ಮುಖ ಅರಳಿತ್ತು.

ಕುಷ್ಟಗಿ ಇನ್ನೂ ದೂರವಿತ್ತು. ತಂಗಿಯ ಮಡಿಲಲ್ಲಿ ಎರಡು ರೊಟ್ಟಿ ಉಳಿದಿದ್ದವು. ಅವಳು ಕೇಳುವ ಮೊದಲೇ ನಾನು ಕೈ ಚಾಚಿದೆ.